ತೆಗೆದ ಬಾಗಿಲು

ಬೆಳಿಗ್ಗೆ ಶಾಲೆಗೆ ಬಂದವನು ತನ್ನ ಕೋಣೆಯ ಮುಂದೆ ನಿಂತು, ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಬೀಗದ ಕೈಯನ್ನು ಹೊರಗೆಳೆದ. ಎಳೆದ ಮೇಲೆ ಅದನ್ನು ಎಲ್ಲಿ ತೂರಿಸಬೇಕೆಂದು ತೋಚದೆ ಗಾಳಿಯಲ್ಲಿ ಹಿಡಿದುಕೊಂಡು ನಿಂತ. ಚೌಕಟ್ಟು ಇತ್ತು, ಚೌಕಟ್ಟಿನಲ್ಲಿ ಕೀಲುಗಳ ಅರ್ಧರ್ಧ ಉಳಿದಿದ್ದವು, ಬಾಗಿಲು ಮಾತ್ರ ಇರಲಿಲ್ಲ. ಒಳಗಿನ ಮೇಜು, ಮೇಜಿನ ಹಿಂದಿನ ಕುರ್ಚಿ, ಕುರ್ಚಿಯ ಬೆನ್ನಿಗೆ ನಿನ್ನೆ ಒಣಗಲು ಹಾಕಿ ಮರೆತ ಕರವಸ್ತ್ರ ಎಲ್ಲವೂ ಪಡಸಾಲೆಯ ಆ ತುದಿಯಿಂದಲೇ ಕಾಣುವಂತೆ ಬಟಾಬಯಲಾಗಿ ಕುಳಿತಿದ್ದವು. ನಿನ್ನೆಯೂ ಹೀಗೇ ಆಗಿತ್ತು, ಮೊನ್ನೆಯೂ ಆಗಿತ್ತು. ಎದುರು ಕೋಣೆಯಿಂದ ಗಣಿತದ ಮೇಡಂ ನೋಡುತ್ತಿರುವುದು ಕಣ್ಣಂಚಿಗೆ ಬಿತ್ತು. ಅವರ ಕೋಣೆಗೂ ಬಾಗಿಲಿರಲಿಲ್ಲವಾದ್ದರಿಂದ ಅವರಿಗೂ ನೋಡದೆ ಬೇರೆ ದಾರಿಯಿರಲಿಲ್ಲ. ಈಗ ತಟ್ಟನೆ ಕೈಯನ್ನು ಜೇಬಿಗೆ ಹಾಕಿಕೊಂಡರೆ ಪೆದ್ದುತನವನ್ನು ಒಪ್ಪಿಕೊಂಡಂತಾಗುತ್ತದೆ. ಅವನು ಬೀಗದ ಕೈಯನ್ನು ಬೆಳಕಿಗೆ ಹಿಡಿದು, ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸುವವನಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಂದು ಬೀಗ ತೆಗೆಯಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ನಿಂತು, ಆಮೇಲೆ ಒಳಗೆ ಹೋದ.

"ಗುಡ್ ಮಾರ್ನಿಂಗ್ ಸಾರ್. ಬೀಗ ಬಿಗಿಯಾಗಿತ್ತಾ?" ಎಂದರು ಮೇಡಂ ಆ ಕಡೆಯಿಂದ.

"ಸ್ವಲ್ಪ," ಎಂದ ಅವನು.

ಇದೆಲ್ಲ ಆದದ್ದು ಅವನ ಬಾಯಿಂದಲೇ. ಶಾಲೆ ಹಳೆಯದು. ಗೋಡೆಗೆ ಬೆನ್ನು ಕೊಟ್ಟರೆ ಅಂಗಿಗೆಲ್ಲ ಸುಣ್ಣ, ಮಳೆ ಬಂದರೆ ಪಾಠಕ್ಕಿಂತ ಬಕೆಟ್ಟಿಗೆ ನೀರು ಬೀಳುವ ಸದ್ದೇ ಜೋರು, ಹಿಂದಿನ ಬೆಂಚಿನ ಮಕ್ಕಳು ಬಿರುಕಿನಲ್ಲಿ ಪೆನ್ಸಿಲು ಬಿಟ್ಟು ಪಕ್ಕದ ತರಗತಿಯಿಂದ ಅದನ್ನು ವಾಪಸು ಪಡೆಯುತ್ತಿದ್ದರು. ಆಡಳಿತ ಸಮಿತಿಯವರು ಕಡೆಗೂ ಮನಸ್ಸು ಮಾಡಿ ಕಟ್ಟಡಕ್ಕೆ ಕಾಯಕಲ್ಪ ಮಾಡಿಸಲು ಹೊರಟರು. ನಕ್ಷೆ ಬರೆಯಲು ಹಳದಿ ಟೋಪಿಯ ಇಂಜಿನಿಯರಮ್ಮ ಬಂದಳು, ಕೆಲಸ ಮಾಡಿಸಲು ಮೇಸ್ತ್ರಿ ಬಂದ. ಪಾಠ ಹೇಳುವ ಅವನನ್ನು ಕೆಲಸದವರು ಮೇಷ್ಟ್ರೇ ಎನ್ನುತ್ತಿದ್ದರು, ಮೇಸ್ತ್ರಿಯನ್ನು ಮೇಸ್ತ್ರೀ ಎನ್ನುತ್ತಿದ್ದರು. ಗಾರೆ ಕಲಸುವ ಯಂತ್ರದ ಗದ್ದಲದಲ್ಲಿ ಯಾರು ಯಾರನ್ನು ಕರೆದರೂ ಇಬ್ಬರೂ ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಒಂದು ಸಂಜೆ, ಮಾರನೆಯ ದಿನ ಬೆಳಿಗ್ಗೆಯೇ ಬಣ್ಣ ಬಳಿಯುವವರು ಬರುತ್ತಾರೆಂದು ತಿಳಿದು, ಅವನು ಬೀಗದ ಕೈಗಳ ಗೊಂಚಲನ್ನು ಮೇಸ್ತ್ರಿಯ ಕೈಗೆ ಕೊಟ್ಟು ಹೇಳಿದ್ದ: "ಬಣ್ಣದವರು ಬರೋಷ್ಟರಲ್ಲಿ ಎಲ್ಲಾ ರೂಮಿನ ಬಾಗಿಲೂ ತೆಗೆದಿರ್ಬೇಕು. ಒಂದೂ ಬಿಡಬೇಡಿ."

"ಎಲ್ಲಾದೂನಾ?" ಎಂದು ಕೇಳಿದ್ದ ಮೇಸ್ತ್ರಿ.

"ಎಲ್ಲಾದೂ."

"ಕಕ್ಕಸಿಂದೂ?"

"ಯಾಕೆ, ಅದೇನು ಪಾಪ ಮಾಡಿದೆ?"

ಈ ಕೊನೆಯ ಮಾತು ಹೇಳುವಾಗ ತನ್ನ ದನಿಯಲ್ಲಿ ಒಂದು ಗತ್ತು ಬಂದದ್ದು ಅವನಿಗೇ ಕೇಳಿಸಿ ಒಳಗೊಳಗೇ ಹಿಗ್ಗಿದ್ದ. ಹಿಂದಿನ ಹೆಡ್‌ಮೇಷ್ಟ್ರು ಹೋದಮೇಲೆ ಆ ಕುರ್ಚಿಯಲ್ಲಿ ಇನ್‌ಚಾರ್ಜು ಅಂತ ಕೂರಿಸಿದವರು ಆಮೇಲೆ ಅವನನ್ನು ಏಳಿಸಲೂ ಇಲ್ಲ, ಕಾಯಂ ಮಾಡಲೂ ಇಲ್ಲ. ಇನ್‌ಚಾರ್ಜು ಎಂಬುದೇ ಅವನ ಹೆಸರಾಗಿ, ಭಾವಮೈದುನ ಮನೆಗೆ ಬಂದಾಗಲೂ 'ಇನ್‌ಚಾರ್ಜು ಇದ್ದಾರಾ' ಎಂದು ಕೇಳುವಷ್ಟು ಸದರವಾಗಿತ್ತು. ಬೆಳಿಗ್ಗೆ ಬಂದು ನೋಡಿದರೆ ಪಡಸಾಲೆಯ ಉದ್ದಕ್ಕೂ ಬಾಯಿ ಕಳೆದ ಚೌಕಟ್ಟುಗಳು. ಮೇಸ್ತ್ರಿ ಕೈಯ ಧೂಳು ಕೊಡವುತ್ತ, "ತೆಗ್ದಿದೀವಿ ಮೇಷ್ಟ್ರೇ, ಒಂದೂ ಬಿಟ್ಟಿಲ್ಲ," ಎಂದು ಹೆಮ್ಮೆಯಿಂದ ನಿಂತಿದ್ದ. ಅವನು ಏನೋ ಹೇಳಲು ಬಾಯಿ ತೆರೆದ. ಆದರೆ ಸುತ್ತ ಮೇಡಂಗಳು ನಿಂತಿದ್ದರು, ಬಣ್ಣದವರು ನಿಂತಿದ್ದರು, ನಾನು ಹೇಳಿದ್ದು ಹೀಗಲ್ಲ ಎನ್ನಬೇಕಾದರೆ ನನಗೆ ಹೇಳಲು ಬರಲಿಲ್ಲ ಎಂದೂ ಸೇರಿಸಬೇಕಾಗುತ್ತಿತ್ತು. "ಒಳ್ಳೇದು," ಎಂದುಬಿಟ್ಟ. ಮಧ್ಯಾಹ್ನ ಯಾರೂ ಇಲ್ಲದಾಗ ಮೇಸ್ತ್ರಿಯನ್ನು ಮೂಲೆಗೆ ಕರೆದು, ಬಾಗಿಲು ಕೀಳುವುದಾದರೆ ನಾನು ಬೀಗದ ಕೈ ಯಾಕೆ ಕೊಡುತ್ತಿದ್ದೆ, ಅಷ್ಟೂ ತಿಳಿಯಬಾರದೇ ಎಂದು ಮೆಲ್ಲಗೆ ಆಕ್ಷೇಪಿಸಿದಾಗ, ಮೇಸ್ತ್ರಿ ಅವನನ್ನು ಕನಿಕರದಿಂದ ನೋಡಿ ಹೇಳಿದ: "ಬೀಗ ಹಾಕಿರೋ ಬಾಗಿಲನ್ನ ಕೀಲಿಂದ ಬಿಡಿಸೋಕಾಗಲ್ಲ ಮೇಷ್ಟ್ರೇ. ಮೊದಲು ತೆಗ್ದು, ಆಮೇಲೆ ತೆಗೀಬೇಕು."

ಭಾಷೆ ಕಲಿಸುವ ಮೇಷ್ಟ್ರಾಗಿ ಅವನು ಈ ಮಾತಿನ ವ್ಯಾಕರಣವನ್ನು ತರಗತಿಯಲ್ಲಿ ಕೂತು ಎರಡೆರಡು ಸಲ ಯೋಚಿಸಿದ, ಎಲ್ಲೂ ತಪ್ಪು ಸಿಗಲಿಲ್ಲ. ಬಾಗಿಲುಗಳನ್ನು ತಕ್ಷಣ ವಾಪಸು ಹಾಕಿಸೋಣವೆಂದರೆ ಅದಕ್ಕೂ ಅಡ್ಡಿ ಬಂತು. ಹಳದಿ ಟೋಪಿಯ ಇಂಜಿನಿಯರಮ್ಮ ಬಂದು ಪಡಸಾಲೆಯಲ್ಲಿ ನಿಂತವಳು ಕಣ್ಣು ಅರಳಿಸಿ, "ನಾನು ಇದನ್ನ ಸಮಿತಿಯವರ ಹತ್ರ ಹೇಳೋಕೆ ಹೆದರಿಕೊಂಡಿದ್ದೆ ಸಾರ್, ನೀವು ಮಾಡೇಬಿಟ್ರಿ. ಈಗ ಎಲ್ಲಾ ಕಡೆ ಶಾಲೆ ಅಂದ್ರೆ ಹೀಗೇ. ಮುಕ್ತ ಕಲಿಕೆ. ನಿಮ್ಮಂಥ ಹಿರಿಯರಿಗೆ ಇದು ಹೊಳೀತಲ್ಲ," ಎಂದು ಅವನ ಕೈ ಕುಲುಕಿದಳು. ಸಮಿತಿಯ ಅಧ್ಯಕ್ಷರಿಗೆ ಮುಕ್ತ ಎಂಬ ಮಾತು ಬಹಳ ಹಿಡಿಸಿತು. ಹೀಗೆ ಅವನ ತಪ್ಪು ಅವನ ಕೈತಪ್ಪಿ ಹೋಗಿ, ದೂರದೃಷ್ಟಿ ಎಂಬ ಬೇರೆ ಹೆಸರಿನಲ್ಲಿ ಅವನ ಕಣ್ಣೆದುರೇ ಓಡಾಡತೊಡಗಿತು. ಇತಿಹಾಸದ ಪಾಠ ವಿಜ್ಞಾನದ ಪಾಠದೊಳಕ್ಕೆ ಹರಿದು, ಮಕ್ಕಳು ರಾಜರಿಗೆಲ್ಲ ಶ್ವಾಸಕೋಶ ಬರೆಯುತ್ತಿದ್ದರು. ಒಳಗೆ ಬರಬಹುದೇ ಎಂದು ಕೇಳುವ ಮಗು ಎಲ್ಲಿ ನಿಂತು ಕೇಳಬೇಕೆಂದು ತಿಳಿಯದೆ ಪಡಸಾಲೆಯ ಮಧ್ಯದಿಂದಲೇ ಕೂಗುತ್ತಿತ್ತು. ಕಕ್ಕಸಿಗೆ ಹೋದವರು, ಒಳಗೆ ಜನ ಇದ್ದಾರೆಂದು ತಿಳಿಸಲು ಹಾಡು ಹೇಳುವ ಪದ್ಧತಿ ತಾನಾಗಿಯೇ ಬೆಳೆಯಿತು. ಎಂದೂ ದನಿ ಎತ್ತದ ಡ್ರಾಯಿಂಗ್ ಮೇಷ್ಟ್ರಿಗೆ ಅಷ್ಟು ಒಳ್ಳೆಯ ಕಂಠವಿದೆಯೆಂದು ಊರಿಗೆಲ್ಲ ಗೊತ್ತಾಯಿತು. ಗಣಿತದ ಮೇಡಂ ಮಾತ್ರ ಅವನ ಕೋಣೆಗೆ ಬರುವಾಗ ಚೌಕಟ್ಟಿನ ಬಳಿ ನಿಂತು, ಬಾಯಲ್ಲೇ "ಟಕ್ ಟಕ್" ಎಂದು ಒಳಗೆ ಬರುತ್ತಿದ್ದರು. ಇದು ಮರ್ಯಾದೆಯೋ ತಮಾಷೆಯೋ ಎಂದು ಅವನು ಎಷ್ಟು ದಿನ ತಲೆ ಕೆಡಿಸಿಕೊಂಡರೂ ಬಗೆಹರಿಯಲಿಲ್ಲ. ಬಾಗಿಲಿಲ್ಲದ ಕೋಣೆಯಲ್ಲಿ ಅಧಿಕಾರದಿಂದ ಕೂರುವುದು ಹೇಗೆಂದೇ ಅವನಿಗೆ ತಿಳಿಯದು. ಬಾಗಿಲಿನ ಈಚೆ ಕೂತವನು ದೊಡ್ಡವನು, ಆಚೆ ನಿಂತವನು ಸಣ್ಣವನು ಎಂಬುದೊಂದನ್ನೇ ಅವನು ಈ ಶಾಲೆಯಲ್ಲಿ ಸರಿಯಾಗಿ ಕಲಿತದ್ದು.

ಕಲಿಸಿದವರು ಅಪ್ಪ. ಅವನು ಹುಡುಗನಾಗಿದ್ದಾಗ ಇದೇ ಕೋಣೆಯಲ್ಲಿ ಅಪ್ಪ ಹೆಡ್‌ಮೇಷ್ಟ್ರು. ಸೀಮೆಸುಣ್ಣ ಮುಗಿದಾಗಲೆಲ್ಲ ತರಗತಿಯ ಮೇಷ್ಟ್ರು ಅವನನ್ನೇ ಕಳಿಸುತ್ತಿದ್ದರು, ನಿಮ್ಮಪ್ಪ ತಾನೇ, ಹೋಗಿ ತಗೊಂಡು ಬಾ ಎಂದು. ಅವನು ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತು "ಬಾಗಿಲು ತೆಗೀರಿ ಸಾರ್" ಎಂದರೆ, ಒಳಗಿನಿಂದ ದನಿ ಬರುತ್ತಿತ್ತು: "ತೆಗೆದ ಬಾಗಿಲನ್ನ ಎಲ್ಲಿ ಇಡೋಣ?" ಮೊದಲ ಸಲ ಅವನಿಗೆ ಅರ್ಥವಾಗದೆ, ನಿಜವಾಗಿಯೂ ಎಲ್ಲಿ ಇಡಬಹುದೆಂದು ಸುತ್ತ ನೋಡಿದ್ದ. "ತೆರೆಯಿರಿ ಅನ್ನಬೇಕು. ತೆಗೆಯೋದು ಬೇರೆ, ತೆರೆಯೋದು ಬೇರೆ. ಹೊರಗೆ ನಿಂತು ಯೋಚನೆ ಮಾಡು." ಬೇರೆ ಮಕ್ಕಳು ಏನೆಂದರೂ ಬಾಗಿಲು ತೆರೆಯುತ್ತಿತ್ತು. ಮಗನಿಗೆ ಸಲಿಗೆ ಕೊಟ್ಟರು ಎಂದು ನಾಳೆ ಯಾರೂ ಆಡಿಕೊಳ್ಳಬಾರದೆಂದು ಅಪ್ಪನ ಹಟ. ಹಾಗಾಗಿ ತೆರೆಯಿರಿ ಎಂದು ಸರಿಯಾಗಿ ಹೇಳಿದ ದಿನವೂ ಅವನಿಗೆ ಒಳಗೆ ಬಾ ಎಂಬ ಮಾತು ಸಿಗುತ್ತಿರಲಿಲ್ಲ, ಸೀಮೆಸುಣ್ಣ ಹಿಡಿದ ಕೈಯೊಂದು ಸಂದಿನಿಂದ ಹೊರಗೆ ಬರುತ್ತಿತ್ತು. ಕಾಯುತ್ತ ನಿಂತ ಅವನ ಕಣ್ಣಿನ ನೇರಕ್ಕೆ ಬಾಗಿಲ ಹಲಗೆಯಲ್ಲೊಂದು ಗಂಟು, ಥೇಟ್ ಕಣ್ಣಿನ ಹಾಗೆಯೇ. ಅವನು ಅದನ್ನು ನೋಡುತ್ತಿದ್ದ, ಅದು ಅವನನ್ನು ನೋಡುತ್ತಿತ್ತು. ಒಳಗೆ ಅಪ್ಪ ಯಾರದೋ ಮಗುವಿನೊಡನೆ ನಗುತ್ತ ಮಾತಾಡುವುದು ಕೇಳಿಸುತ್ತಿತ್ತು. ಆ ನಗು ಮನೆಯಲ್ಲಿ ಅವನು ಎಂದೂ ಕೇಳಿದ್ದಲ್ಲ. ಅದಕ್ಕಾಗಿ ಈಗಲೂ, ಮೊಮ್ಮಕ್ಕಳಾಗುವ ವಯಸ್ಸು ಹತ್ತಿರ ಬಂದರೂ, ಅವನಿಗೆ ಹೊಟ್ಟೆಕಿಚ್ಚಾಗುತ್ತದೆ.

ಅಪ್ಪ ಈಗ ಅವನ ಮನೆಯಲ್ಲಿಯೇ, ಬೀದಿಗೆ ತೆರೆಯುವ ಕಿಟಕಿಯ ಪಕ್ಕದ ಮಂಚದಲ್ಲಿ ಇದ್ದಾರೆ. ಹೋದ ಚಳಿಗಾಲ ಜ್ವರ ಬಂದು ಮಲಗಿ ಎದ್ದಾಗಿನಿಂದ ಎಲ್ಲ ಸರಿಯಾಗಿದ್ದರೂ ಒಂದು ಮಾತ್ರ ಕೆಟ್ಟಿತು. ಅವನನ್ನು ನೀವು ಎನ್ನತೊಡಗಿದರು. ಸೊಸೆಯನ್ನು ನೀನು ಎನ್ನುತ್ತಾರೆ, ಹಾಲಿನವನನ್ನು ನೀನು ಎನ್ನುತ್ತಾರೆ, ಕಿಟಕಿಗೆ ಬರುವ ಬೆಕ್ಕನ್ನು ಬಾರೋ ಹೋಗೋ ಎಂದು ಮುದ್ದು ಮಾಡುತ್ತಾರೆ. ಅವನು ಎದುರಿಗೆ ಬಂದರೆ ಮಾತ್ರ ಹೊದಿಕೆ ಸರಿಮಾಡಿಕೊಂಡು, ಸ್ವಲ್ಪ ನೆಟ್ಟಗೆ ಕೂತು, "ಬನ್ನಿ, ಬನ್ನಿ," ಎನ್ನುತ್ತಾರೆ. ಅವನು ಯಾರೋ ಇನ್‌ಚಾರ್ಜು, ಶಾಲೆಯ ಕೆಲಸಕ್ಕೆ ಬಂದು ಈ ಮನೆಯಲ್ಲಿ ಉಳಿದುಕೊಂಡಿದ್ದಾನೆ ಎಂದು ಅವರು ತಿಳಿದಂತಿತ್ತು. "ಮಾವ ನಿಮ್ಮನ್ನ ದೊಡ್ಡ ಅಧಿಕಾರಿ ಅಂದ್ಕೊಂಡಿದ್ದಾರೆ, ಖುಷಿಪಡಿ," ಎಂದು ಹೆಂಡತಿ ನಕ್ಕಳು, ಅವನ ಮುಖ ನೋಡಿ ನಗು ನಿಲ್ಲಿಸಿದಳು. ಒಂದು ದಿನ ಊಟ ಬಡಿಸಿಟ್ಟುಕೊಂಡು ಕಿಟಕಿಯನ್ನೇ ನೋಡುತ್ತ ಕೂತಿದ್ದವರನ್ನು, ಊಟ ಮಾಡಿ ಅಪ್ಪ ಎಂದು ಅವನು ಒತ್ತಾಯಿಸಿದಾಗ, ಗುಟ್ಟು ಹೇಳುವವರಂತೆ ಅವನ ಕಡೆ ಬಗ್ಗಿ, "ನೀವು ಮಾಡಿ. ನನ್ನ ಮಗ ಒಬ್ಬ ಬರಬೇಕು, ಸ್ಕೂಲಿಂದ ಇನ್ನೂ ಬಂದಿಲ್ಲ," ಎಂದರು. ಅವನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತ. ಅಪ್ಪ ತನ್ನನ್ನು ಒಮ್ಮೆ ನೀನು ಎಂದರೆ ಸಾಕು, ಬೈದರೂ ಸಾಕು ಎಂದು ಅಂದಿನಿಂದ ಅವನಿಗೆ ಬೇರೆ ಆಸೆಯೇ ಉಳಿಯಲಿಲ್ಲ. ದಿನಾ ಸಂಜೆ ಅವನು ಮನೆಗೆ ಬಂದೊಡನೆ ಅಪ್ಪ ತಪ್ಪದೆ ಕೇಳುವ ಪ್ರಶ್ನೆಯೊಂದಿತ್ತು: "ಎಲ್ಲಾ ರೂಮಿನ ಬಾಗಿಲೂ ಹಾಕಿದ್ರಾ?" ಹಾಕಿದೆ ಎನ್ನುತ್ತಿದ್ದ ಅವನು. ಈಗಲೂ ಹಾಕಿದೆ ಎನ್ನುತ್ತಾನೆ. ಅಪ್ಪ ಸಮಾಧಾನದಿಂದ, "ನೀವು ಇರೋದ್ರಿಂದ ನನಗೆ ಚಿಂತೆಯಿಲ್ಲ," ಎಂದು ಮಲಗುತ್ತಾರೆ. ಆ ನೀವು ಅವನನ್ನು ಚುಚ್ಚುತ್ತದೆ, ಆ ನಂಬಿಕೆ ಇನ್ನೂ ಹೆಚ್ಚು ಚುಚ್ಚುತ್ತದೆ.

ಇಷ್ಟರಲ್ಲಿ ಅಧ್ಯಕ್ಷರು ಬಂದರು. ಬಾಗಿಲಿಲ್ಲದ್ದರಿಂದ ಅವರು ಬರುವುದು ಗೇಟಿನಿಂದಲೇ ಕಾಣುತ್ತಿತ್ತು, ಅಲ್ಲಿಂದಲೇ ಅವನು ಎದ್ದು ನಿಲ್ಲಬೇಕಾಯಿತು. ಅವರು ದಾರಿಯಲ್ಲಿ ಇಬ್ಬರ ಜೊತೆ ಮಾತಾಡಿ, ನಲ್ಲಿಯೊಂದನ್ನು ತಿರುಗಿಸಿ ನೋಡಿ ಬರುವವರೆಗೂ ನಿಂತೇ ಇದ್ದ. ಅಧ್ಯಕ್ಷರು ಕುರ್ಚಿ ಎಳೆದುಕೊಂಡು, ಉದ್ಘಾಟನೆಯ ವಿಷಯ ಎತ್ತಿದರು. "ರಿಬ್ಬನ್ ಎಲ್ಲರೂ ಕತ್ತರಿಸ್ತಾರೆ ಇನ್‌ಚಾರ್ಜು. ನಮ್ಮದು ಬೇರೆ ಥರ ಇರಲಿ. ನಿಮ್ಮ ತಂದೆಯವರು ಈ ಶಾಲೇಗೆ ಜೀವ ತೇದವರು. ಅವರ ಕೈಯಿಂದ ಬಾಗಿಲು ತೆಗೆಸೋಣ. ಹೊಸ ಯುಗದ ಬಾಗಿಲು. ಹೇಗೆ?"

"ಬಾಗಿಲು..." ಎಂದ ಅವನು.

"ಹೌದು, ಬಾಗಿಲು."

"ಬಾಗಿಲು ಇಲ್ವಲ್ಲ ಸಾರ್."

ಅಧ್ಯಕ್ಷರು ತಿರುಗಿ ಚೌಕಟ್ಟನ್ನು ನೋಡಿದರು. ಅವರಿಗೆ ಅದು ಮರೆತೇಹೋಗಿತ್ತು. ಆದರೆ ಅಧ್ಯಕ್ಷರು ಒಮ್ಮೆ ಹೊಳೆದ ವಿಚಾರವನ್ನು ಬಿಟ್ಟುಕೊಡುವ ಪೈಕಿಯಲ್ಲ. ಆ ಹೊತ್ತಿಗೆ ಪಡಸಾಲೆಗೆ ಹಾಕುವ ಹೊಸ ಸಿಮೆಂಟು ಇನ್ನೂ ಹಸಿಯಿರುತ್ತದೆ, ಜನ ಹತ್ತಬಾರದೆಂದು ಇಂಜಿನಿಯರಮ್ಮ ಹೇಳಿದ್ದರಿಂದ ಕಾರ್ಯಕ್ರಮ ಹೇಗೂ ಅಂಗಳದಲ್ಲೇ; ಅಂಗಳದಲ್ಲೇ ಒಂದು ಚೌಕಟ್ಟು ನೆಟ್ಟು, ಅದಕ್ಕೊಂದು ಬಾಗಿಲು ಕೂರಿಸಿ, ಅದನ್ನು ತೆಗೆಸಿದರಾಯಿತು. ಸುತ್ತ ಗೋಡೆ ಬೇಡವೇ ಎಂದು ಅವನು ಕೇಳಿದ. "ಉದ್ಘಾಟನೆಗೆ ಗೋಡೆ ಯಾಕ್ರೀ?" ಎಂದು ಅಧ್ಯಕ್ಷರು ಎದ್ದರು. ಹೋಗುವಾಗ ಚೌಕಟ್ಟಿನ ಬಳಿ ಅಭ್ಯಾಸದಿಂದ ಹಿಂದಕ್ಕೆ ಕೈ ಚಾಚಿ, ಇಲ್ಲದ ಬಾಗಿಲನ್ನು ಎಳೆದುಕೊಂಡು ಹೋದರು.

ಹಾಗಾದರೆ ಅಪ್ಪನ ಕೋಣೆಯ ಆ ಬಾಗಿಲೇ ಆಗಬೇಕು ಎಂದು ಅವನಿಗೆ ಒಮ್ಮೆಲೇ ಅನ್ನಿಸಿತು. ಅಪ್ಪ ತಮ್ಮ ಬಾಗಿಲನ್ನು ಗುರುತು ಹಿಡಿದಾರು, ಬಾಗಿಲನ್ನು ಗುರುತು ಹಿಡಿದವರು ಅದರ ಹೊರಗೆ ನಿಲ್ಲುತ್ತಿದ್ದವನನ್ನೂ ಹಿಡಿದಾರು ಎಂಬಂಥ ಒಂದು ಹುಚ್ಚು ಲೆಕ್ಕ. ಬಾಗಿಲುಗಳೆಲ್ಲ ಕಾಂಪೌಂಡಿನ ಉದ್ದಕ್ಕೂ ಒಂದರ ಮೇಲೊಂದು ಒರಗಿಕೊಂಡಿದ್ದವು, ಎಲ್ಲವೂ ಒಂದೇ ಹಸಿರು ಬಣ್ಣ, ಒಂದೇ ಅಳತೆ. ಯಾವುದು ಯಾರದ್ದೆಂದು ಮೇಸ್ತ್ರಿಗೂ ತಿಳಿಯದು. ಅವನು ಒಂದೊಂದರ ಮುಂದೆಯೂ ನಿಂತು ಗಂಟಿಗಾಗಿ ಹುಡುಕಿದ. ಸಿಗಲಿಲ್ಲ. ಆಮೇಲೆ ಹೊಳೆಯಿತು: ತಾನು ಈಗಿನ ಎತ್ತರದಿಂದ ನೋಡುತ್ತಿದ್ದೇನೆ. ಕುಕ್ಕರಗಾಲಿನಲ್ಲಿ ಕೂತ. ಆಗ ಹಲಗೆಗಳು ಪರಿಚಯದವಾದವು. ಕೂತಂತೆಯೇ ಕಪ್ಪೆಯ ಹಾಗೆ ಪಕ್ಕಕ್ಕೆ ಸರಿಯುತ್ತ, ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಮುಖ ಹತ್ತಿರ ಹಿಡಿದು ನೋಡುತ್ತ ಅರ್ಧ ಕಾಂಪೌಂಡು ಮುಗಿಸುವಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು. ಮೇಸ್ತ್ರಿ.

"ಏನಾದ್ರೂ ಬೀಳಿಸಿಕೊಂಡ್ರಾ ಮೇಷ್ಟ್ರೇ?"

"ಇಲ್ಲ. ಒಂದು ಬಾಗಿಲು ಹುಡುಕ್ತಿದೀನಿ. ಅದರಲ್ಲೊಂದು ಕಣ್ಣಿದೆ."

ಮೇಸ್ತ್ರಿ ಸ್ವಲ್ಪ ಹೊತ್ತು ಅವನನ್ನೂ ಬಾಗಿಲುಗಳನ್ನೂ ನೋಡಿ, "ಇಲ್ಲಿಲ್ಲದೆ ಇರೋದು ಒಂದೇ. ಪೈಪಿನ ಗುಂಡಿ ಮೇಲೆ ಹಾಕಿದ್ದೀವಿ, ಮಕ್ಕಳು ದಾಟೋಕೆ," ಎಂದ. ಹೋಗಿ ನೋಡಿದರೆ ಅದೇ. ಶಾಲೆಯ ಮಕ್ಕಳೆಲ್ಲ ಬೆಳಿಗ್ಗೆ ಸಂಜೆ ಅಪ್ಪನ ಬಾಗಿಲ ಮೇಲೆ ದಡದಡನೆ ಓಡಾಡಿ, ಕೆಸರು ಮೆತ್ತಿ, ಕಣ್ಣಿನ ಮೇಲೊಂದು ಪುಟ್ಟ ಬೂಟಿನ ಗುರುತು ಬಿದ್ದಿತ್ತು. ಆಚೆ ಹೋಗಿ ಹಿಡಿದೆತ್ತಬೇಕಾದರೆ ಅದರ ಮೇಲೆ ಕಾಲಿಡಬೇಕು. ಅವನಿಂದಾಗಲಿಲ್ಲ. ಗುಂಡಿಯನ್ನೇ ಹಾರಲು ನೋಡಿದ, ಅಂಚು ಕುಸಿದು ಒಂದು ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಎರಡನೆಯ ತರಗತಿಯ ಸಾಲು ಆಗ ತಾನೇ ಆಟಕ್ಕೆ ಹೊರಟಿತ್ತು. ಮಕ್ಕಳು ಅವನನ್ನು ನೋಡುತ್ತ, "ನಮಸ್ತೆ ಸಾರ್" ಎಂದು ಒಬ್ಬೊಬ್ಬರಾಗಿ ಹೇಳುತ್ತ, ಬಾಗಿಲ ಮೇಲೆ ಸಲೀಸಾಗಿ ನಡೆದು ಆಚೆ ಹೋದರು. ಗುಂಡಿಯಲ್ಲಿ ನಿಂತು ಅವನು ಪ್ರತಿಯೊಬ್ಬರಿಗೂ ನಮಸ್ತೆ ಹೇಳಿದ.

ಉದ್ಘಾಟನೆಯ ಬೆಳಿಗ್ಗೆ ಅವನು ಆ ಬಾಗಿಲನ್ನು ತಾನೇ ತೊಳೆದು ಒರೆಸಿದ. ಬಿಸಿಲು ಚುರುಗುಟ್ಟುತ್ತಿತ್ತು. ಅಂಗಳದ ನಟ್ಟನಡುವೆ ಚೌಕಟ್ಟು, ಚೌಕಟ್ಟಿನಲ್ಲಿ ಬಾಗಿಲು, ಎಡಕ್ಕೂ ಬಲಕ್ಕೂ ಏನೂ ಇಲ್ಲ. ಈಚೆ ಮಕ್ಕಳು, ತಂದೆತಾಯಿಗಳು, ಸಮಿತಿಯವರು. ಆಚೆ ಖಾಲಿ ಮಣ್ಣು, ಹಿರಿಯರು ದಾಟಿ ಹೋಗಿ ಕೂರಲೆಂದು ಒಂದೇ ಒಂದು ಕುರ್ಚಿ, ಅದರ ಹಿಂದೆ ಹೊಸ ಬಣ್ಣದ ಕಟ್ಟಡ. ಕಾರಿನಿಂದ ಇಳಿದ ಅಪ್ಪನ ರಟ್ಟೆ ಹಿಡಿದು ಅವನು ನಡೆಸಿಕೊಂಡು ಬಂದ. "ನಿಮಗೆ ಬಹಳ ತೊಂದರೆ ಕೊಟ್ಟೆ," ಎಂದರು ಅಪ್ಪ ದಾರಿಯಲ್ಲಿ. ಅಧ್ಯಕ್ಷರು ಮಾತಾಡಿದರು, ಮುಕ್ತ ಎಂದರು, ಯುಗ ಎಂದರು, ಇನ್‌ಚಾರ್ಜರ ದೂರದೃಷ್ಟಿ ಎಂದಾಗ ಜನ ಚಪ್ಪಾಳೆ ತಟ್ಟಿದರು, ಅವನು ನೆಲ ನೋಡಿದ. ಅಪ್ಪ ಮಾತ್ರ ಯಾವುದನ್ನೂ ಕೇಳುತ್ತಿರಲಿಲ್ಲ. ಬಾಗಿಲನ್ನೇ ನೋಡುತ್ತಿದ್ದರು. ಮಾತು ಮುಗಿಯುವ ಮೊದಲೇ ಮಗನ ಕೈಯನ್ನು ಕೊಡವಿಕೊಂಡು, ಕೋಲೂರಿ ಮುಂದೆ ನಡೆದು, ಹಿಡಿಕೆಯನ್ನು ನೋಡದೆಯೇ ಹಿಡಿದು ಬಾಗಿಲು ತೆರೆದು ಒಳಗೆ ಹೋದರು. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ಅಪ್ಪ ತಿರುಗಿ ನಿಂತು, ಎಲ್ಲರ ಮುಖದೆದುರು ಬಾಗಿಲು ಮುಚ್ಚಿಕೊಂಡರು.

ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಬಾಗಿಲಿನ ಎಡಗಡೆಯಿಂದ ಅಪ್ಪನ ಭುಜ ಕಾಣುತ್ತಿತ್ತು, ಬಲಗಡೆಯಿಂದ ಕೋಲೂ ಮೊಣಕಾಲೂ ಕಾಣುತ್ತಿದ್ದವು. ಅವರು ಕುರ್ಚಿಯಲ್ಲಿ ಕೂತು, ಎದುರಿಗೆ ಮೇಜು ಇದ್ದಿದ್ದರೆ ಎಲ್ಲಿ ಕೈಯೂರುತ್ತಿದ್ದರೋ ಅಲ್ಲಿ ಕೈಯಿಟ್ಟುಕೊಂಡಿದ್ದರು. "ಪಕ್ಕದಿಂದ ಹೋಗಿ ಕರ್ಕೊಂಡು ಬನ್ರೀ," ಎಂದು ಅಧ್ಯಕ್ಷರು ಪಿಸುಗುಟ್ಟಿದರು. ಅವನಿಗೂ ಗೊತ್ತು, ಪಕ್ಕದಿಂದ ಹೋದರೆ ಮುಗಿಯಿತು. ಆದರೆ ಕಾಲು ಏಳಲಿಲ್ಲ. ಅಧ್ಯಕ್ಷರು ಹಲ್ಲು ಕಚ್ಚಿ ತಾವೇ ಹೊರಟರು, ಚೌಕಟ್ಟಿನ ಅಂಚಿನವರೆಗೆ ಹೋದರು, ಅಲ್ಲಿ ಇಣುಕಿದವರ ಕಡೆ ಅಪ್ಪ ಕತ್ತು ತಿರುಗಿಸಿ ಒಮ್ಮೆ ನೋಡಿರಬೇಕು, ಶಾಲೆಯಲ್ಲಿ ಅಧ್ಯಕ್ಷರೂ ಅದೇ ಹೆಡ್‌ಮೇಷ್ಟ್ರ ಕೈಕೆಳಗೆ ಓದಿದವರು, ಕೈ ಕಟ್ಟಿಕೊಂಡು ಹಿಂದಕ್ಕೆ ಬಂದುಬಿಟ್ಟರು. ಎಲ್ಲರೂ ಅವನನ್ನು ನೋಡಿದರು. ಅವನು ಮುಂದೆ ಹೋಗಿ ಬಾಗಿಲು ತಟ್ಟಿದ.

"ಯಾರು?"

"ನಾನು ಸಾರ್."

"ನಾನು ಅಂದ್ರೆ?"

"ಇನ್‌ಚಾರ್ಜು."

"ಅವರು ನಮ್ಮನೇಲಿರ್ತಾರೆ. ಸಂಜೆ ಬನ್ನಿ, ಸಿಗ್ತಾರೆ."

ಹಿಂದೆ ಯಾರೋ ಮಗು ಕಿಸಕ್ಕೆಂದಿತು, ಯಾರೋ ತಾಯಿ ಅದರ ಬಾಯಿ ಮುಚ್ಚಿದಳು. ಅವನಿಗೆ ಓಡಿಹೋಗಬೇಕೆನಿಸಿತು, ಅಂಗಳ ಎಲ್ಲ ಕಡೆಗೂ ತೆರೆದೇ ಇತ್ತು. ಬದಲಿಗೆ ಅವನ ಮೊಣಕಾಲುಗಳು ತಾವಾಗಿ ಮಡಚಿದವು. ಕುಕ್ಕರಗಾಲಿನಲ್ಲಿ ಕೂತ. ಹಲಗೆಯ ಕಣ್ಣು ಅವನ ಕಣ್ಣಿನ ನೇರಕ್ಕೆ ಬಂತು. ಇಷ್ಟು ವರ್ಷ ಯಾರೂ ಅದನ್ನು ಇಷ್ಟು ಹತ್ತಿರದಿಂದ ನೋಡಿರಲಾರರು. ಸಿಮೆಂಟಿನ ವಾಸನೆ, ಸೋಪಿನ ವಾಸನೆ, ಅದರ ಕೆಳಗೆಲ್ಲೋ ಹಳೆಯ ಮರದ ವಾಸನೆ. ಅವನು ಆ ಕಣ್ಣಿಗೆ ಹೇಳುವವನಂತೆ ಹೇಳಿದ:

"ನಾನು ಅಪ್ಪಾ. ಸೀಮೆಸುಣ್ಣಕ್ಕೆ ಬಂದಿದ್ದೀನಿ."

ಮೇಲೆ ಒಂದು ಹಕ್ಕಿ ಚೌಕಟ್ಟಿನ ಮೇಲೆ ಕೂತು, ಇದು ಯಾವುದರ ಬಾಗಿಲೆಂದು ತಿಳಿಯದೆ ಹಾರಿಹೋಯಿತು. ಆಮೇಲೆ ಕುರ್ಚಿ ಕಿರುಗುಟ್ಟಿತು. ಅಪ್ಪನ ದನಿ ಬಂತು, ಹೆಡ್‌ಮೇಷ್ಟ್ರ ದನಿಯಲ್ಲ, 'ಸ್ಕೂಲಿಂದ ಇನ್ನೂ ಬಂದಿಲ್ಲ' ಎಂದು ಊಟದ ತಟ್ಟೆಯ ಮುಂದೆ ಕೂತಿದ್ದವರ ದನಿ.

"ಬಾಗಿಲು ತೆಗಿ."

ಅವನು ಕೂತಲ್ಲಿಂದಲೇ ಹಿಡಿಕೆಗೆ ಕೈ ಚಾಚಿದವನು ಚಾಚಿದಂತೆಯೇ ಉಳಿದ. ತೆಗಿ. ಜೀವಮಾನದಲ್ಲಿ ಅಪ್ಪ ಬಾಗಿಲಿಗೆ ಆ ಮಾತು ಬಳಸಿದ್ದನ್ನು ಅವನು ಕೇಳಿರಲಿಲ್ಲ. ಇದು ಪರೀಕ್ಷೆಯೇ? ತೆರೆ ಅನ್ನಬೇಕು ಅಪ್ಪ ಎಂದು ತಾನು ತಿದ್ದಬೇಕೇ? ಅಥವಾ ಅವರಿಗೆ ನಿಜವಾಗಿಯೂ ವ್ಯತ್ಯಾಸ ಮರೆತುಹೋಯಿತೇ, ಇಷ್ಟು ದಿನ ಮನುಷ್ಯರನ್ನು ಮರೆತವರು ಈಗ ವ್ಯಾಕರಣವನ್ನೂ ಮರೆತರೇ ಎಂದು ಅವನು ಹೆದರಿಕೊಂಡು ತಡೆದಷ್ಟರಲ್ಲಿ, ಜನರ ಹಿಂದೆ ನಿಂತಿದ್ದ ಮೇಸ್ತ್ರಿ ಮುಂದಕ್ಕೆ ಬಂದ. ಆತನಿಗೆ ಯಾವ ಅನುಮಾನವೂ ಇರಲಿಲ್ಲ.

"ಕೇಳಿಸ್ತಲ್ಲ ಮೇಷ್ಟ್ರೇ. ಸ್ವಲ್ಪ ಪಕ್ಕಕ್ಕೆ ಬನ್ನಿ."

ಮೊದಲು ತೆಗೆದ, ಆಮೇಲೆ ತೆಗೆದ. ಬಾಗಿಲನ್ನು ಅರ್ಧ ಸರಿಸಿ, ಎರಡು ಕೈಯಲ್ಲಿ ತಬ್ಬಿ ಹಿಡಿದು, ಮೇಲಕ್ಕೆತ್ತಿ ಕೀಲಿನಿಂದ ಬಿಡಿಸಿದ. ಬಾಗಿಲಿದ್ದ ಜಾಗದಲ್ಲಿ ಅಪ್ಪ ಇದ್ದರು, ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಮೇಸ್ತ್ರಿ ಬಾಗಿಲನ್ನು ಎದೆಗೊರಗಿಸಿಕೊಂಡು ಅವರನ್ನು ಕೇಳಿದ:

"ಇದನ್ನ ಎಲ್ಲಿ ಇಡೋಣ ಸಾರ್?"

ಹಲಗೆಯ ಕಣ್ಣು ಮೇಸ್ತ್ರಿಯ ತೋಳಿನ ಕೆಳಗಿನಿಂದ ಅವನನ್ನೇ ನೋಡುತ್ತಿತ್ತು.

"ಎಲ್ಲಾದ್ರೂ ಇಡಪ್ಪ," ಎಂದರು ಅಪ್ಪ, ಅದೇನು ದೊಡ್ಡ ವಿಷಯವೇ ಅಲ್ಲವೆಂಬಂತೆ. ಆಮೇಲೆ ದೃಷ್ಟಿ ಕೆಳಗಿಳಿಸಿ, ಚೌಕಟ್ಟಿನ ಆಚೆ ನೆಲದಲ್ಲಿ ಮುದುರಿ ಕೂತಿದ್ದ ನರೆಗೂದಲಿನವನನ್ನು ಕಂಡರು. ಅವರ ಹುಬ್ಬು ಗಂಟಿಕ್ಕಿತು. "ನೀನ್ಯಾಕೋ ಅಲ್ಲೇ ಕೂತಿದ್ದೀಯ? ಒಳಗೆ ಬಾ."

ಅವನು ಎದ್ದ. ಮೊಣಕಾಲು ಲಟಕ್ಕೆಂದಿತು. ಚೌಕಟ್ಟಿನ ಬಳಿ ಬಂದು, ಅಲ್ಲಿ ಇಲ್ಲದ ಹೊಸ್ತಿಲನ್ನು ದಾಟಲು ಕಾಲನ್ನು ಚೆನ್ನಾಗಿ ಮೇಲಕ್ಕೆತ್ತಿ ಆಚೆಗಿಟ್ಟ. ಯಾರೂ ನಗಲಿಲ್ಲ. ಅಪ್ಪ ಕೋಟಿನ ಜೇಬುಗಳನ್ನು ಒಂದೊಂದಾಗಿ ತಡಕಿ, ಕೈಯನ್ನು ಖಾಲಿಯೇ ಹೊರಗೆ ತೆಗೆದರು.

"ಸೀಮೆಸುಣ್ಣ ಮುಗಿದಿದೆ ಕಣೋ."

"ಪರವಾಗಿಲ್ಲ ಅಪ್ಪ."

"ಕೂತ್ಕೋ."

ಹಿಂದಿನಿಂದ ಅಧ್ಯಕ್ಷರು ಚೌಕಟ್ಟಿನ ಹತ್ತಿರ ಬಂದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಕೇಳುವುದು ಕೇಳಿಸಿತು: "ನಾವೂ ಬರಬಹುದಾ ಸಾರ್?"

"ನೀವು ಸ್ವಲ್ಪ ಹೊರಗೆ ನಿಂತಿರಿ," ಎಂದರು ಅಪ್ಪ.

ಇನ್ನೊಂದು ಕುರ್ಚಿ ಇರಲಿಲ್ಲ. ಅವನು ಅಪ್ಪನ ಕಾಲ ಬಳಿ ಮಣ್ಣಿನ ಮೇಲೆಯೇ ಕೂತ. ಒಳಗೂ ಅದೇ ಬಿಸಿಲಿತ್ತು.